ನೀರಲ್ಲಿ ಮಾಡಲ್ಲ

೬ ಏಪ್ರಿಲ್ ೧೯೯೮, ಸೋಮವಾರ

ಎದ್ದ ತಕ್ಷಣ ಹಾಸಿಗೆ ಮುಟ್ಟಿ ನೋಡಿದೆ. ಒದ್ದೆಯಿಲ್ಲ. ಸ್ನೇಹಾಳನ್ನು ಎತ್ತಿಕೊಂಡು ಹೋಗಿ ಪಾಟ್ ಮೇಲೆ ಕೂರಿಸಿ ನಲ್ಲಿ ಸಣ್ಣಗೆ ಬಿಟ್ಟೆ. ಒಂದಕ್ಕಾಯಿತು. ಸ್ವಲ್ಪ ಹೊತ್ತಿಗೆ ಎರಡಕ್ಕೂ. ತಾನೇ ಚಪ್ಪಾಳೆ ತಟ್ಟಿಕೊಂಡಳು. ಈಚೆಗೆ ಚಡ್ಡಿ ಒದ್ದೆಯಾಗಿದ್ದೇ ಇಲ್ಲ. ಪ್ಲಾಸ್ಟರ್‌ನಲ್ಲಿದ್ದಷ್ಟು ದಿನ ಎಲ್ಲ ಲಂಗೋಟಿಯಲ್ಲೇ. ಬಿಚ್ಚಿದ ಮೇಲೆ ಮತ್ತೆ ಮೊದಲಿನಿಂದ ಕಲಿಸಬೇಕಾಯಿತು. ಮೂರು ತುಂಬದ ಮಗು, ಬೇಗ ಕಲಿತಳು.

ಎಲ್ಲ ಸರಿ. ನಡೆಯುವುದೊಂದಿಲ್ಲ.

ಜನವರಿಯಲ್ಲಿ ಅಂಗಳದ ಕಟ್ಟೆಯಿಂದ ಬಿದ್ದು ಎಡತೊಡೆಯ ಮೂಳೆ ಮುರಿಯಿತು. ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್. ಬಿಚ್ಚಿ ತಿಂಗಳಾಯಿತು. ಆ ಕಾಲು ಇನ್ನೂ ನೆಲಕ್ಕೆ ಊರಿಲ್ಲ. ನಿಲ್ಲಿಸಿದರೆ ಕೊಕ್ಕರೆಯ ಹಾಗೆ ಮಡಚಿಕೊಳ್ಳುತ್ತಾಳೆ. ಒತ್ತಾಯ ಮಾಡಿದರೆ ಕಿರುಚಾಟ. ಕೂತಲ್ಲೇ ಸರಿಯುತ್ತ ಮನೆಯೆಲ್ಲ ಸುತ್ತುತ್ತಾಳೆ.

ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. "ಮೂಳೆ ಚೆನ್ನಾಗಿ ಕೂಡಿಕೊಂಡೈತ್ರಿ. ಮಗೂಗೆ ಹೆದರಿಕೆ, ಅಷ್ಟೇ. ಈಜುಕೊಳದಾಗೆ ಬಿಡ್ರಿ. ನೀರಾಗೆ ಮೈ ಭಾರ ಇರಲ್ಲ. ಆಡ್ತಾ ಆಡ್ತಾ ಕಾಲು ಊರ್ತಾಳೆ."

"ಹರಿಹರದಾಗೆ ನಮ್ಮಕ್ಕನ ಮನೆ ಹತ್ರ ಕ್ಲಬ್ ಐತಲ್ಲ, ಅಲ್ಲಿ ಕೊಳ ಐತೆ," ಎಂದರು ಇವರು, ಖುಷಿಯಿಂದ.

ಅತ್ತೆಗೆ ಹಿಡಿಸಲಿಲ್ಲ. "ಮುರಿದ ಕಾಲನ್ನ ತಣ್ಣೀರಿಗೆ ಹಾಕ್ತಾರೇನೇ ಯಾರಾದ್ರೂ? ನಾನು ಎಣ್ಣೆ ಹಚ್ಚಿ ತಿಕ್ತೀನಿ, ತಡಿ."

ನಾನು ಬಯಲುಸೀಮೆಯ ಮಾಯಕೊಂಡದಲ್ಲಿ ಹುಟ್ಟಿದವಳು. ಈಜು ಬರುವುದಿಲ್ಲ. ಮೊಣಕಾಲಿಗಿಂತ ಮೇಲೆ ನೀರು ಕಂಡವಳಲ್ಲ. ಆದರೆ ಅಂಥ ಭಯವನ್ನೆಲ್ಲ ಯಾರ ಮುಂದೆ ಹೇಳುವುದು…

೮ ಏಪ್ರಿಲ್, ಬುಧವಾರ

ಹರಿಹರದ ಅಕ್ಕನ ಫೋನ್. ಇವರ ಒಡಹುಟ್ಟಿದ ಅಕ್ಕ. ದನಿಯಲ್ಲೇ ದರ್ಬಾರು. ಮದುವೆಯಾಗಿ ಬಂದಾಗಿನಿಂದ ಅವರ ಎದುರು ನನ್ನ ಬಾಯಿ ಒಣಗುತ್ತದೆ.

"ಬರ್ರಿ, ಧಾರಾಳ ಬರ್ರಿ. ಸೋಮವಾರ, ಬುಧವಾರ, ಶುಕ್ರವಾರ ಹೆಂಗಸರದ್ದು, ಮಕ್ಕಳದ್ದು. ಪಾಸ್ ಮಾಡಿಸ್ತೀನಿ. ಒಂದೇ ಮಾತು ರೂಪಾ. ಮಗು ಎರಡಕ್ಕೆ ಬಂದ್ರೆ ಹೇಳ್ತಾಳಲ್ಲ?"

"ಹೇಳ್ತಾಳಕ್ಕ."

"ಹೋದ ವರ್ಷ ಯಾರದೋ ಕೂಸು ನೀರಾಗೇ ಮಾಡಿಬಿಡ್ತು. ಪೂರಾ ಕೊಳ ಖಾಲಿ ಮಾಡಿಸಿದ್ರು. ಅವರು ಆಮ್ಯಾಕೆ ಕ್ಲಬ್‌ಗೇ ಬರಲಿಲ್ಲ. ನಿಮ್ಮ ಭಾವನೋರು ಕಮಿಟಿಯಾಗ ಅದಾರೆ. ನಮ್ಮನೆ ಮಗು ಹಂಗೆ ಮಾಡ್ತು ಅಂದ್ರೆ ತಲೆ ಎತ್ತಾಕಾಗಲ್ಲ ನೋಡು."

ಹೇಳ್ತಾಳೆ ಅಂದುಬಿಟ್ಟೆ. ಮನೆಯಲ್ಲಿ ಹೇಳುತ್ತಾಳೆ. ಪಾಟ್ ಕಂಡರೆ ಹೇಳುತ್ತಾಳೆ. ಎದೆಯುದ್ದ ನೀರಿನಲ್ಲಿ, ಆಟದ ನಡುವೆ, ಗೊತ್ತಾಗುತ್ತದೆಯೇ ಅವಳಿಗೆ?

ಆಗಿನಿಂದ ಇದೇ ಯೋಚನೆ. ಮಗು ನೀರಿನಲ್ಲಿ ಮುಳುಗೀತು ಅನ್ನುವುದು ಆಮೇಲೆ ಹೊಳೆಯಿತು. ಮೊದಲು ಹೊಳೆದದ್ದು ಇದು.

೧೩ ಏಪ್ರಿಲ್, ಸೋಮವಾರ. ಮಧ್ಯಾಹ್ನ

ಹೋಗಿ ಬಂದೆವು. 

ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ.

"ಕಕ್ಕ ಬಂದ್ರೆ ಏನಂತ ಹೇಳ್ತೀಯಾ?"

"ಅಮ್ಮ ಕಕ್ಕ."

"ನೀರಲ್ಲಿ ಮಾಡ್ತೀಯಾ?"

"ಮಾಡಲ್ಲ."

ಪಕ್ಕದಲ್ಲಿ ಕೂತಿದ್ದ ಹೆಂಗಸು ನಕ್ಕರು. ನನಗೆ ನಗು ಬರಲಿಲ್ಲ.

ಕೊಳ ನೋಡಿಕೊಳ್ಳುವವರು ಹಿದಾಯತ್ ಅಂತ. ನರೆತ ಗಡ್ಡ, ಸಿಡುಕು ಮುಖ. ಹೆಂಗಸರ ಸಮಯದಲ್ಲಿ ಪಂಪ್ ಮನೆಯ ಆಚೆ ಕೂರುತ್ತಾರೆ. ಸ್ನೇಹಾಳನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಚೋಟೀ ಬಚ್ಚೀನಾ? ನೋಡ್ಕೊಳ್ರಮ್ಮ. ಗಲೀಜು ಆದ್ರೆ ನೀರು ಪೂರಾ ಬಿಡಬೇಕಾಗುತ್ತೆ. ಬೇಸಿಗೆ ಬೇರೆ. ತುಂಬಿಸೋಕೆ ನೀರು ಎಲ್ಲಿಂದ ತರ್ಲಿ?" ಎಂದರು.

ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ, ಹೆಂಗಸರ ಹೊತ್ತಿಗೆ ಕಾವಲಿರುವ ಓಬಕ್ಕ. ಕೊರಳಲ್ಲಿ ಸೀಟಿ, ಬಾಯಲ್ಲಿ ಎಲೆ ಅಡಿಕೆ. ಅವಳ ಪಕ್ಕದಲ್ಲೇ ಕಕ್ಕಸಿನ ಬಾಗಿಲು. ಅದನ್ನು ಮೊದಲು ನೋಡಿಟ್ಟುಕೊಂಡೆ. ಕೊಳದಿಂದ ಎಷ್ಟು ದೂರ, ಚಿಲಕ ಯಾವ ಕಡೆ. ಅಲ್ಲಿ ಕೂರಿಸಿದೆ. ಏನೂ ಇಲ್ಲ. ಮತ್ತೆ ಕೂರಿಸಿದೆ. "ಇಲ್ಲಮ್ಮ" ಅಂದಳು.

ಹಳೆಯ ಚೂಡಿದಾರಿನಲ್ಲಿ ನಾನು ಇಳಿದೆ. ನೀರು ತೊಡೆ ಹಿಡಿದು ಒತ್ತಿದ ಹಾಗಾಯಿತು. ಮಕ್ಕಳ ಕಡೆ ನನ್ನ ತೊಡೆಯಷ್ಟೇ ನೀರು, ಸ್ನೇಹಾಳ ಎದೆಯಷ್ಟು. ಆ ತುದಿ ಮಾತ್ರ ಕಡುನೀಲಿ. ಅಕ್ಕ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರು ನೀರಿಗಿಳಿಯುವುದಿಲ್ಲ. ಸ್ನೇಹಾ ಕೊರಳಿಗೆ ಜೋತುಬಿದ್ದಿದ್ದಳು. ಮೆಲ್ಲಗೆ ಕೆಳಗಿನ ಮೆಟ್ಟಿಲ ಮೇಲೆ ಇಳಿಸಿದೆ. ಬಲಗಾಲು ಊರಿದಳು. ಆಮೇಲೆ ಎಡಗಾಲಿನ ಹೆಬ್ಬೆರಳು ಮೆಟ್ಟಿಲಿಗೆ ತಾಗಿತು. ತಾಗಿಯೇ ಇತ್ತು.

ಖುಷಿ ಪಡಬೇಕಿತ್ತು. ಅಷ್ಟರಲ್ಲಿ ಮುಖ ಸ್ವಲ್ಪ ಕೆಂಪಾಯಿತು. ಎತ್ತಿಕೊಂಡು ಕಕ್ಕಸಿಗೆ ಓಡಿದೆ. ಏನೂ ಇಲ್ಲ. ಚಳಿಗೆ ಕೆಂಪಾಗಿತ್ತು, ಅಷ್ಟೇ.

೧೫ ಏಪ್ರಿಲ್, ಬುಧವಾರ

ಇಲ್ಲೇ ದಾವಣಗೆರೆಯ ಚೌಕಿಪೇಟೆಯಲ್ಲಿ ಪ್ಲಾಸ್ಟಿಕ್ ಜಾಂಗಿಯಾ ಸಿಕ್ಕಿತು. ತೊಡೆಗೆ ಎಲಾಸ್ಟಿಕ್ ಇರುವುದು. ಒಳಗೊಂದು ಚಡ್ಡಿ, ಮೇಲೆ ಇದು, ಅದರ ಮೇಲೆ ಇನ್ನೊಂದು ಚಡ್ಡಿ. ನೀರಿಗಿಳಿಸಿದ ಕೂಡಲೇ ಗಾಳಿ ತುಂಬಿಕೊಂಡು ಬಲೂನಿನ ಹಾಗೆ ಉಬ್ಬಿತು. ಮಗು ಕವುಚಿ ಬೀಳುವುದರಲ್ಲಿತ್ತು. ಎಲ್ಲ ಹೆಂಗಸರೂ ನಕ್ಕರು. ಒಬ್ಬರು, "ಹೊರದೇಶದಾಗೆ ನೀರಿಗೇ ಅಂತ ಬ್ಯಾರೆ ಚಡ್ಡಿ ಸಿಗತಾವಂತ್ರಿ. ನಮ್ಮ ತಂಗಿ ಹೇಳ್ತಿದ್ಲು," ಎಂದರು. ನಮ್ಮಲ್ಲಿ ಸಿಗುವುದಿಲ್ಲವಲ್ಲ, ಏನು ಮಾಡಲಿ.

ಮನೆಗೆ ಬಂದು ಗಾಳಿ ಹೋಗಲೆಂದು ಸೂಜಿಯಿಂದ ತೂತು ಮಾಡಿದೆ. ತೂತಾದ ಮೇಲೆ ಅದರಿಂದ ಏನು ಉಪಯೋಗ ಅಂತ ಆಮೇಲೆ ಹೊಳೆಯಿತು. ಎಲಾಸ್ಟಿಕ್ ಬಿಗಿದು ಪೆಟ್ಟಾದ ತೊಡೆಯ ಮೇಲೆ ಕೆಂಪು ಬರೆ. ಅತ್ತೆ ಏನೂ ಹೇಳದೆ ಕೊಬ್ಬರಿ ಎಣ್ಣೆ ಸವರಿದರು. ಬೈದಿದ್ದರೇ ವಾಸಿಯಿತ್ತು.

೨೨ ಏಪ್ರಿಲ್, ಬುಧವಾರ

ಕೊಳಕ್ಕೆ ಹೋಗುವ ದಿನ ಬೆಳಿಗ್ಗೆ ಹಾಲು ಕೊಡುವುದನ್ನು ನಿಲ್ಲಿಸಿದ್ದೇನೆ. ಬಾಳೆಹಣ್ಣೂ ಇಲ್ಲ. ಬರೀ ಒಂದು ಬಿಸ್ಕತ್ತು. ಹೊಟ್ಟೆಯಲ್ಲಿ ಇದ್ದರೆ ತಾನೆ ಹೊರಗೆ ಬರುವುದು.

ಇವತ್ತು ನೀರಿನಲ್ಲಿ ಎರಡೂ ಕಾಲು ಊರಿ ನಿಂತಳು! ನನ್ನ ಎರಡೂ ಕೈ ಹಿಡಿದು. ಅಕ್ಕ ಕುರ್ಚಿಯಿಂದಲೇ ಕೂಗಿದರು, "ಭಲೇ ಪುಟ್ಟಿ!" ನಾನು ಮಾತ್ರ ಕೇಳಿದ್ದು ಅದೇ. ಬಂತಾ? ಕಕ್ಕ ಬಂತಾ? ನಿಜ ಹೇಳು.

ಎಷ್ಟು ಸಲ ಕೇಳಿದೆನೋ. ಕೊನೆಗೆ ಅವಳು ಉತ್ತರ ಕೊಡುವುದನ್ನೇ ಬಿಟ್ಟಳು. ಆ ಕಡೆ ತಿರುಗಿಕೊಂಡಳು.

೨೭ ಏಪ್ರಿಲ್, ಸೋಮವಾರ

ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.

ಸ್ನೇಹಾ ನೀರಿನಲ್ಲಿ ನಿಂತಿದ್ದಳು. ನನ್ನ ಒಂದು ಕೈ ಅವಳ ಕಂಕುಳಲ್ಲಿ. ಅವಳು ಸುಮ್ಮನಾದಳು, ಕಣ್ಣು ಎಲ್ಲೋ ನೆಟ್ಟಿತು. ಎರಡಕ್ಕೆ ಬರುವಾಗ ಆಗುವ ಮುಖ.  ಹಿಡಿದಿದ್ದ ಕೈಯನ್ನೇ ತೆಗೆದು ಚಡ್ಡಿಯ ಹಿಂಭಾಗ ಮುಟ್ಟಿ ನೋಡಿದೆ. ಚಡ್ಡಿ ಸರಿಯಾಗಿತ್ತು. ಮಗು ಇರಲಿಲ್ಲ.

ನೀರಿನ ಕೆಳಗೆ ಕೂದಲು ಹರಡಿಕೊಂಡಿತ್ತು. ಕಣ್ಣು ತೆರೆದೇ ಇದ್ದವು. ನನ್ನನ್ನೇ ನೋಡುತ್ತಿದ್ದವು.

ಎಳೆದು ಎತ್ತಿದೆ. ಕೆಮ್ಮಿದಳು, ನೀರು ಕಕ್ಕಿದಳು, ಆಮೇಲೆ ಅತ್ತಳು. ಮುಳುಗಿದ್ದು ಕಣ್ಣು ಮುಚ್ಚಿ ಬಿಡುವಷ್ಟು ಹೊತ್ತು, ಅಷ್ಟೇ. ಅಕ್ಕ ಯಾರ ಜೊತೆಯೋ ಮಾತಾಡುತ್ತಿದ್ದರು, ನೋಡಲಿಲ್ಲ. ಓಬಕ್ಕ ನೋಡಿದಳು. ಟವೆಲ್ ತಂದು ಕೊಟ್ಟಳು. "ಕೈ ಬಿಡಬ್ಯಾಡ ಕಣವ್ವ" ಅಂದಳು, ಅಷ್ಟೇ.

ಮುಳುಗುವ ಮಗುವನ್ನು ಹಿಡಿಯಬೇಕಾದ ಕೈ ಚಡ್ಡಿ ಹಿಡಿದಿತ್ತು. ಊಟ ಸೇರಲಿಲ್ಲ.

೨೯ ಏಪ್ರಿಲ್, ಬುಧವಾರ

ಹೋಗಲಿಲ್ಲ. ತಲೆನೋವು ಅಂದೆ.

೪ ಮೇ, ಸೋಮವಾರ

ಮತ್ತೆ ಹೋದೆ. ಕಾಲಿನ ಆಸೆ ದೊಡ್ಡದು. ನೀರಿನಲ್ಲಿ ನನ್ನ ಬೆರಳು ಹಿಡಿದು ಆ ಗೋಡೆಯಿಂದ ಈ ಗೋಡೆಯವರೆಗೆ ನಡೆದಳು. ನಡೆದಳು! ದಂಡೆಗೆ ಬಂದ ಕೂಡಲೇ ಕಾಲು ಮಡಚಿ "ಎತ್ತಿಕೋ." ನೀರಿನೊಳಗೆ ಒಂದು ಮಗು, ಹೊರಗೆ ಇನ್ನೊಂದು.

ಇವರು ಅಂಗಡಿಯಿಂದ ಬಂದ ಮೇಲೆ ಹೇಳಿದೆ. ಮಗುವನ್ನು ಎತ್ತಿ ಕುಣಿಸಿದರು. "ನೋಡ್ದ್ಯಾ? ನೀನು ಸುಮ್ಸುಮ್ನೆ ಹೆದರ್ತೀಯ."

ಹೌದೇ? ಸುಮ್ಸುಮ್ಮನೆಯೇ?

೮ ಮೇ, ಶುಕ್ರವಾರ

ಬುಧವಾರದಿಂದ ಸ್ನೇಹಾ ಎರಡಕ್ಕೆ ಹೋಗಿಲ್ಲ.

ಬುಧವಾರ ಹೋದದ್ದೂ ಮೇಕೆ ಹಿಕ್ಕೆಯಂಥದ್ದು, ಒಂದೆರಡು. ಪಾಟ್ ತಂದರೆ ಬೆನ್ನು ಸೆಟೆಸುತ್ತಾಳೆ. ಬಾಗಿಲ ಹಿಂದೆ ಗೋಡೆಗೆ ಒರಗಿ, ತೊಡೆ ತೊಡೆಗೆ ಒತ್ತಿ ಬೆವರುತ್ತಾಳೆ. ಬಂದದ್ದನ್ನು ಒಳಗೇ ಒತ್ತಿ ಹಿಡಿಯುತ್ತಿದ್ದಾಳೆ. ಸ್ವಲ್ಪ ಹೊತ್ತು ಕಳೆದ ಮೇಲೆ ಸುಮ್ಮನೆ ಆಟಕ್ಕೆ.

ಮೊದಲ ದಿನ ನನಗೆ ಸಮಾಧಾನವೇ ಆಗಿತ್ತು. ಬರೆಯಲು ನಾಚಿಕೆ… ಕೊಳದ ದಿನ ಹೊಟ್ಟೆ ಕಟ್ಟಿದ್ದರೆ ಒಳ್ಳೆಯದೇ ಎನಿಸಿತ್ತು. ಇವತ್ತೂ ಹರಿಹರಕ್ಕೆ ಕರೆದುಕೊಂಡು ಹೋಗಿದ್ದೆ.

೧೦ ಮೇ, ಭಾನುವಾರ

ಇಲ್ಲ. ಒಣದ್ರಾಕ್ಷಿ ನೆನೆಸಿದ ನೀರು, ಬಿಸಿನೀರು, ಹರಳೆಣ್ಣೆ ಒಂದು ಚಮಚ. ಹರಳೆಣ್ಣೆ ಉಗುಳಿದಳು. ಊಟ ಮಾಡುವುದಿಲ್ಲ. ಸಂಜೆ ಅತ್ತೆ ತೊಡೆಯ ಮೇಲೆ ಮಲಗಿಸಿಕೊಂಡು ಹೊಟ್ಟೆ ಮುಟ್ಟಿ ನೋಡಿದರು. "ಉಬ್ಬಿದಂಗೈತೆ. ಇಷ್ಟ್ ದಿನ ಯಾಕ ಹೇಳಲಿಲ್ಲ ನೀನು?"

"ನಾಳೆ ಆಗ್ತದೆ ಅತ್ತೆ."

"ನಾಳೆ ಹರಿಹರ ಬ್ಯಾಡ."

ಇವರು, "ಅಕ್ಕ ಪಾಸ್ ಮಾಡಿಸಿ ಕೊಟ್ಟಾಳೆ, ಕಾಲು ಸರಿ ಹೋಗೋ ಹೊತ್ತಿಗೆ ಬಿಟ್ರೆ ಹೆಂಗೆ? ಬೆಚ್ಚಗೆ ಆಡಿದ್ರೆ ತಾನಾಗೇ ಆಗ್ತೈತೆ," ಎಂದರು. ಮಾವ ಶಿವಯೋಗಪ್ಪನವರು ಪೇಪರಿನಿಂದ ತಲೆ ಎತ್ತಲಿಲ್ಲ. ಅವರದು ಯಾವಾಗಲೂ ಹಾಗೆ.

ನಾಳೆ ಹೋಗುವುದೋ ಬಿಡುವುದೋ. ನೀರು ಸೋಕಿದರೆ ಸಡಿಲವಾಗಬಹುದು. ಸಡಿಲವಾದರೆ — ಅಲ್ಲೇ ಆದರೆ —

೧೨ ಮೇ, ಮಂಗಳವಾರ

ನಿನ್ನೆ ಬರೆಯುವ ಸ್ಥಿತಿಯಲ್ಲಿರಲಿಲ್ಲ. ಎಲ್ಲ ಮನೆಗಳಲ್ಲೂ ಅಣುಬಾಂಬ್ ಮಾತು. ಪೇಪರ್ ತುಂಬ ಅದೇ. ಅತ್ತೆ ನಮ್ಮ ಕೋಣೆಗೆ ಯಾರನ್ನೂ ಬಿಡುತ್ತಿಲ್ಲ. ಮಗು ಮಲಗಿದೆ. ಈಗ ಬರೆಯುತ್ತೇನೆ.

ಹೋದೆವು. ನೀರಿಗಿಳಿದು ಹೆಚ್ಚು ಹೊತ್ತಾಗಿರಲಿಲ್ಲ. ಸ್ನೇಹಾ ಆಡಲಿಲ್ಲ. ನನ್ನ ಹೆಗಲ ಮೇಲೆ ತಲೆಯಿಟ್ಟಿದ್ದಳು. ಆಗ ಯಾರೋ, "ಅಯ್ಯೋ! ಏನದು?" ಎಂದು ಕಿರುಚಿದರು.

ಮೆಟ್ಟಿಲ ಹತ್ತಿರ, ನೀರಿನಲ್ಲಿ, ಕಂದು ಬಣ್ಣದ್ದು. ತೇಲುತ್ತಿತ್ತು.

ಎಲ್ಲರೂ ಕಿರುಚಿಕೊಂಡು ದಂಡೆಗೆ ಹತ್ತಿದರು. ಮಕ್ಕಳನ್ನು ರಟ್ಟೆ ಹಿಡಿದು ಎಳೆದರು. ಓಬಕ್ಕನ ಸೀಟಿ. ನಾನೂ ಹೇಗೋ ಮೇಲೆ ಬಂದೆ. ತಿರುಗಿ ನೋಡಿದರೆ ಎಲ್ಲ ಕಣ್ಣೂ ನಮ್ಮ ಮೇಲೆ. ಇದ್ದ ಮಕ್ಕಳಲ್ಲಿ ಇವಳೇ ಚಿಕ್ಕವಳು.

"ಅಷ್ಟ್ ಸಣ್ಣ ಮಕ್ಕಳನ್ನ ತರಬಾರದ್ರಿ. ಗೆಸ್ಟ್ ಅಂತ ಯಾರ್ಯಾರನ್ನೋ ಬಿಡತಾರೆ," ಎಂದರು ಒಬ್ಬರು.

ಎಷ್ಟು ವಾರದಿಂದ ಈ ಗಳಿಗೆಗೆ ಹೆದರಿದ್ದೆ. ನಾಚಿಕೆಯಿಂದ ಸತ್ತೇಹೋಗುತ್ತೇನೆ ಅಂದುಕೊಂಡಿದ್ದೆ. ಕೋಣೆಗೆ ಕರೆದೊಯ್ದು ಚಡ್ಡಿ ಬಿಚ್ಚಿದೆ. ಮನಸ್ಸಿನಲ್ಲಿ ಒಂದೇ ಬೇಡಿಕೆ. ಇವಳದೇ ಆಗಿರಲಪ್ಪ ದೇವರೇ, ಇವಳದೇ ಆಗಿರಲಿ.

ಚಡ್ಡಿ ಶುಭ್ರವಾಗಿತ್ತು. ಹೊಟ್ಟೆ ಮುಟ್ಟಿದೆ. ಕಲ್ಲು.

ಅಕ್ಕ ಒಳಗೆ ಬಂದರು. ಮುಖ ಕೆಂಪಾಗಿತ್ತು. "ಏನೇ ರೂಪಾ ಇದು? ಹೇಳ್ತಾಳೆ ಅಂದಿದ್ದೆಯಲ್ಲ! ಈಗ ನಾನು ಅವರಿಗೆ ಏನಂತ—"

"ಇವಳದಲ್ಲಕ್ಕ."

"ಮತ್ತ್ಯಾರದು?"

"ಯಾರದೋ ಗೊತ್ತಿಲ್ಲ. ಇವಳು ಬುಧವಾರದಿಂದ ಎರಡಕ್ಕೇ ಹೋಗಿಲ್ಲಕ್ಕ. ಇವಳದಾಗಿದ್ರೆ ಸಾಕಿತ್ತು…" ಅಷ್ಟು ಹೇಳುವುದರಲ್ಲಿ ಅಳು ಬಂತು.

ಅಕ್ಕ ಬಗ್ಗಿ ಹೊಟ್ಟೆಯ ಮೇಲೆ ಕೈಯಿಟ್ಟರು. ಸ್ನೇಹಾ ನರಳಿದಳು. ಅಕ್ಕನ ಮುಖದ ಕೆಂಪು ಇಳಿದುಹೋಯಿತು. ಹೊರಗೆ ನಿಂತವರಿಗೆ ಒಂದು ಮಾತೂ ಹೇಳದೆ ಮಗುವನ್ನು ತಮ್ಮ ಸೀರೆಯ ಸೆರಗಿನಲ್ಲೇ ಸುತ್ತಿಕೊಂಡು ನಡೆದರು. "ದಾರಿ ಬಿಡ್ರೇ" ಅಂದದ್ದೊಂದೇ. ಭಾವನ ಕಾರು. ಒದ್ದೆ ಬಟ್ಟೆಯಲ್ಲೇ ನಾನು ಹತ್ತಿದೆ. ದಾವಣಗೆರೆ ಬರುವವರೆಗೆ ಮಗುವಿಗೆ ಎರಡು ಸಲ ವಾಂತಿ. ಕರುಳಿಗೇನೋ ಆಯಿತು, ಆಪರೇಷನ್ ಅಂತಾರೆ, ಇನ್ನು ಇವಳು ಉಳಿಯುವುದಿಲ್ಲ. ಏನೇನೋ ಯೋಚನೆ. ಅಕ್ಕನ ಕೈ ಹಿಡಿದುಕೊಂಡಿದ್ದೆ. ಬಿಡಿಸಿಕೊಳ್ಳಲಿಲ್ಲ.

ಮಕ್ಕಳ ಡಾಕ್ಟರು ಹೊಟ್ಟೆ ಅಮುಕಿ ನೋಡಿದರು. ಕರುಳು ಕಟ್ಟಿಲ್ಲ, ಮಲ ಗಟ್ಟಿಯಾಗಿ ಕೂತಿದೆ, ಎನಿಮಾ ಕೊಡಬೇಕು ಎಂದರು. ನರ್ಸ್ ಟೇಬಲ್ ಮೇಲೆ ಮಗ್ಗುಲಾಗಿ ಮಲಗಿಸಿ ರಬ್ಬರ್ ಶೀಟ್ ಹಾಸಿದಳು. ನಾನು ಭುಜ ಹಿಡಿದಿದ್ದೆ, ಅಕ್ಕ ಕಾಲು. ಎನಿಮಾದ ನೀರು ಒಳಗೆ ಹೋದದ್ದೇ ತಡ —

"ಮಾಡಲ್ಲ ಅಮ್ಮ! ನೀರಲ್ಲಿ ಮಾಡಲ್ಲ! ನಾನು ನೀರಲ್ಲಿ ಮಾಡಲ್ಲ!"

ಅಷ್ಟು ನೋವಿನಲ್ಲೂ ನನ್ನ ಮುಖ ನೋಡಿ ಆಣೆ ಇಡುತ್ತಿದ್ದಳು. ಮೈಯೆಲ್ಲ ಬಿಗಿಹಿಡಿದು, ತುಟಿ ಕಚ್ಚಿ. ಟೇಬಲ್ ಮೇಲೆ ಮಾಡಿದರೂ ನಾನು ಬೈಯುತ್ತೇನೆ ಅಂತ.

"ಮಾಡು ಕಂದ. ಇಲ್ಲೇ ಮಾಡು. ಎಲ್ಲಿ ಬೇಕಾದ್ರೂ ಮಾಡು," ಅಂದೆ. ನಂಬಲಿಲ್ಲ ಅವಳು. ಎಷ್ಟು ಸಲ ಹೇಳಿದರೂ ನಂಬಲಿಲ್ಲ. ಕೊನೆಗೆ ಅವಳ ಕೈಲಾಗದೆ ಆಯಿತು. ರಕ್ತ ಸೇರಿಕೊಂಡಿತ್ತು. ಆಮೇಲೆ ನನ್ನ ಕಡೆ ನೋಡದೆ ಗೋಡೆಯ ಕಡೆ ತಿರುಗಿದಳು.

ಡಾಕ್ಟರು ಕೈ ತೊಳೆಯುತ್ತ ಕೇಳಿದರು. "ನೀರಲ್ಲಿ ಮಾಡಲ್ಲ ಅಂದ್ರೆ ಏನಮ್ಮ?"

ಹೇಳಿದೆ. ಎಲ್ಲ ಹೇಳಿದೆ. ಅಕ್ಕ ಅಲ್ಲೇ ನಿಂತು ಕೇಳಿಸಿಕೊಂಡರು.

ಡಾಕ್ಟರು ಬೈಯಲಿಲ್ಲ. "ಸಿರಪ್ ಬರೀತೀನಿ. ಪಪ್ಪಾಯ ಕೊಡ್ರಿ, ಹೊಟ್ಟೆ ತುಂಬ ಊಟ ಕೊಡ್ರಿ. ಇನ್ನೊಂದು, ಅದು ಕಷ್ಟ ನಿಮಗೆ. ಬಂತಾ ಬಂತಾ ಅಂತ ಕೇಳಬ್ಯಾಡ್ರಿ. ಒಂದ್ಸಲಾನೂ."

೧೭ ಮೇ, ಭಾನುವಾರ

ಕೇಳಿಲ್ಲ. ಬಾಯಿಯವರೆಗೆ ಬರುತ್ತದೆ, ನುಂಗುತ್ತೇನೆ. ಅವಳು ಬಾಗಿಲ ಹಿಂದೆ ಹೋದರೆ ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತೇನೆ. ತೊಳೆದದ್ದನ್ನೇ ತೊಳೆಯುತ್ತೇನೆ.

ಇವತ್ತು ಬೆಳಿಗ್ಗೆ ಚಡ್ಡಿಯಲ್ಲೇ ಆಯಿತು. ಹೆದರಿ ಮೇಜಿನ ಕೆಳಗೆ ಸೇರಿಕೊಂಡಳು. ನಾನು ಹೋದರೆ ಇನ್ನೂ ಒಳಗೆ ಸರಿದಳು. ಅತ್ತೆ ನೆಲದ ಮೇಲೆ ಕೂತು, "ಬಾ ನಮ್ಮವ್ವ, ಬಂಗಾರ ಮಾಡಿಯಲ್ಲ, ತೊಳ್ಕೊಳ್ಳಾಣ ಬಾ," ಎಂದು ಕರೆದರು. ಅತ್ತೆಯ ಹತ್ತಿರ ಹೋದಳು.

ನನ್ನ ಹತ್ತಿರ ಬರಲಿಲ್ಲ.

೨೫ ಮೇ, ಸೋಮವಾರ

ಚಡ್ಡಿಯಲ್ಲಿ ಮಾಡುತ್ತಿದ್ದಾಳೆ, ದಿನ ಬಿಟ್ಟು ದಿನ. ಅಷ್ಟಾದರೂ ಆಗಲಿ. ಆದರೆ ಕಾಲು… ಕೊಳ ಬಿಟ್ಟಾಗಿನಿಂದ ಮತ್ತೆ ಮೊದಲಿನ ಹಾಗೆಯೇ. ಹೆಬ್ಬೆರಳೂ ತಾಗಿಸುವುದಿಲ್ಲ. ಎರಡು ತೊಡೆ ಪಕ್ಕ ಪಕ್ಕ ಇಟ್ಟು ನೋಡಿದೆ. ಎಡದ್ದು ಸೊರಗಿದೆ. ಮೂಳೆ ಡಾಕ್ಟರು, "ಇನ್ನೂ ತಡ ಮಾಡಿದ್ರೆ ಕುಂಟೋದೇ ರೂಢಿ ಆಗ್ತೈತ್ರಿ," ಎಂದರು.

ಇವರು ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡದೆ ನಿಂತರು. "ನಾನು ಅವತ್ತು ಕಳಿಸಬಾರದಿತ್ತು ರೂಪಾ," ಎಂದರು. 

೨ ಜೂನ್, ಮಂಗಳವಾರ

ಅಕ್ಕ ಹೇಳದೆ ಕೇಳದೆ ಬಂದರು. ಮಂಡಕ್ಕಿ ಕಲಸಿ ಕೊಟ್ಟೆ. ತಿನ್ನುತ್ತ ಹೇಳಿದರು. "ಕೊಳ ತೊಳೆದು ನೀರು ತುಂಬಿಸ್ಯಾರೆ. ಶುಕ್ರವಾರ ಬಾ."

"ಬ್ಯಾಡಕ್ಕ. ಅವರೆಲ್ಲ ಇವಳದೇ ಅಂದ್ಕೊಂಡಾರೆ."

"ಅಂದ್ಕೊಳ್ಳಲಿ. ನಾನೂ ಅಂದ್ಕೊಂಡಿದ್ದೆ." ಮಂಡಕ್ಕಿ ತಟ್ಟೆ ಕೆಳಗಿಟ್ಟರು. "ಕಮಿಟಿಯಾಗ ಹೇಳಿದ್ದೀನಿ. ಸಣ್ಣ ಮಕ್ಕಳು ಬರ್ತಾರೆ, ಒಂದೊಂದ್ಸಲ ಆಗ್ತೈತೆ, ಆದ್ರೆ ತೊಳೀಬೇಕು. ಬೇಕಾದ್ರೆ ನಿಮ್ಮ ಭಾವನೋರನ್ನ ಕಮಿಟಿಯಿಂದ ತೆಗೀಲಿ. ನಿನಗೆ ಫೋನ್‌ನಾಗೆ ಹಂಗೆ ಅಂದಿದ್ದು ನಾನು. ಅದು ತಲೇಲಿ ಕೊರೀತೈತೆ ನನಗೆ."

 ಅತ್ತೆ ಅಡುಗೆಮನೆಯಿಂದಲೇ, "ಹೋಗ್ಲಿ ಬಿಡು, ಕರ್ಕೊಂಡು ಹೋಗು," ಎಂದರು. ನನಗೆ ಅಂದದ್ದೋ, ತಮ್ಮ ಮಗಳಿಗೋ.

ಬೇಡವೇ ಬೇಡ ಅನ್ನಬೇಕೆಂದಿದ್ದೆ. ಆದರೆ ಆ ಸಣಕಲು ತೊಡೆ ಕಣ್ಣ ಮುಂದೆ.

೫ ಜೂನ್, ಶುಕ್ರವಾರ. ಮಧ್ಯಾಹ್ನ

ಬೆಳಿಗ್ಗೆ ಹಾಲು ಕೊಟ್ಟೆ. ಉಪ್ಪಿಟ್ಟು ತಿಂದಳು. ಪಪ್ಪಾಯವೂ. ಒಂದೇ ಚಡ್ಡಿ. ಬಸ್ಸಿನಲ್ಲಿ ಪಾಠವಿಲ್ಲ. ಹೊಲ ತೋರಿಸಿದೆ, ಎಮ್ಮೆ ತೋರಿಸಿದೆ. 

ನಾವು ಹೋದ ಕೂಡಲೇ ಇಬ್ಬರು ಹೆಂಗಸರು ತಮ್ಮ ಮಕ್ಕಳನ್ನು ಕರೆದುಕೊಂಡು ದಂಡೆಗೆ ಹತ್ತಿದರು. ಹಿದಾಯತ್ ದೂರದಿಂದ ನೋಡಿ ತಲೆ ಅಲ್ಲಾಡಿಸಿದರು. ವಾಪಸ್ಸು ಹೋಗಿಬಿಡೋಣ ಎನಿಸಿತು. ಅಷ್ಟರಲ್ಲಿ ಅಕ್ಕ, ತಮ್ಮ ಮಗಳ ಚೂಡಿದಾರ್ ತೊಟ್ಟುಕೊಂಡು, ಕಂಬಿ ಹಿಡಿದು, "ಶಿವಾ ಶಿವಾ" ಅನ್ನುತ್ತ ನೀರಿಗಿಳಿದರು. ಸ್ನೇಹಾಗೆ ನಗುವೋ ನಗು. ಅಕ್ಕನ ಕಡೆ ಹೋಗಲು ತಾನೇ ಕೈ ಚಾಚಿದಳು.

ನೀರಿನಲ್ಲಿ ಕಾಲು ಊರಿದಳು. ಎರಡೂ. ಮರೆತಿರಲಿಲ್ಲ. ನಾನು ಕಂಕುಳಲ್ಲಿ ಕೈ ಕೊಟ್ಟು ಹಿಡಿದೇ ಇದ್ದೆ. ಹಿಡಿಯುವುದೊಂದೇ ಕೆಲಸ ಅಂದುಕೊಂಡಿದ್ದೆ.

ಎಷ್ಟೋ ಹೊತ್ತಾದ ಮೇಲೆ ಮುಖ ಬದಲಾಯಿತು. ಅದೇ ಮುಖ. ಕಣ್ಣು ನೆಟ್ಟಿತು, ಕೆನ್ನೆ ಬಿಗಿಯಿತು. ತೊಡೆ ತೊಡೆಗೆ ಒತ್ತಿದಳು.  ಬಂತಾ ಅಂತ ಕೇಳುವುದು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನೂ ನೋಡಿದರು. ಅವರೂ ಬಾಯಿ ಬಿಡಲಿಲ್ಲ. ಇಬ್ಬರೂ ಹಾಗೇ ನಿಂತೆವು. ಆಗಲಿ, ಇಲ್ಲೇ ಆಗಲಿ, ಕೊಳ ಖಾಲಿಯಾಗಲಿ, ಎಲ್ಲರೂ ನೋಡಲಿ… ಒಳಗೆ ಹಿಡಿದುಕೊಳ್ಳದಿದ್ದರೆ ಸಾಕು.

ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ನಗಲು ಪ್ರಯತ್ನಿಸಿದೆ. ಬಂತೋ ಇಲ್ಲವೋ.

"ಅಮ್ಮ ಕಕ್ಕ!"

ಇಡೀ ಕೊಳಕ್ಕೆ ಕೇಳುವ ಹಾಗೆ ಕೂಗಿದಳು.

ಎತ್ತಿ ದಂಡೆಯ ಮೇಲೆ ಕೂರಿಸಿದೆ. ನಾನು ಹತ್ತಬೇಕು. ಒದ್ದೆ ಚೂಡಿದಾರು ಕಾಲಿಗೆ ಸುತ್ತಿಕೊಂಡಿತು, ಮೆಟ್ಟಿಲು ಜಾರಿತು, ಮತ್ತೆ ನೀರಿಗೇ ಬಿದ್ದೆ. ಎದ್ದು ನೋಡಿದರೆ ಅವಳು ಅಲ್ಲಿಲ್ಲ.

ಹೋಗುತ್ತಿದ್ದಳು. ಒದ್ದೆ ಕಲ್ಲಿನ ಮೇಲೆ, ನಿಂತುಕೊಂಡು, ಎರಡು ಕಾಲಿನಲ್ಲಿ. ಎಡಗಾಲು ಹೊರಕ್ಕೆ ಎಸೆಯುತ್ತ, ಒಂದು ಕೈಯಲ್ಲಿ ಚಡ್ಡಿ ಹಿಡಿದು, ಬಾತುಕೋಳಿಯ ಹಾಗೆ. ಓಡುತ್ತಿದ್ದಳು! ಜಾರಿದರೆ ಅದೇ ಮೂಳೆ. ಅದೇ ಜಾಗ.  "ನಿಧಾನ" ಅನ್ನಬೇಕು, "ನಿಲ್ಲು" ಅನ್ನಬೇಕು. ಕೂಗಿದರೆ ಹೆದರಿ ನಿಲ್ಲುತ್ತಾಳೆ, ನಿಂತರೆ ಬೀಳುತ್ತಾಳೆ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಓಬಕ್ಕ ಎದ್ದು ಕಕ್ಕಸಿನ ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು. ಕೈ ಹಿಡಿಯಲು ಹೋಗಲಿಲ್ಲ. ಹೊಸ್ತಿಲ ಹತ್ತಿರ ಸ್ನೇಹಾ ಒಮ್ಮೆ ವಾಲಿದಳು. ಗೋಡೆ ಹಿಡಿದಳು. ಒಳಗೆ ಹೋದಳು.

ಅಕ್ಕ ನನ್ನ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಈಗಲೂ ಉಗುರಿನ ಗುರುತಿದೆ.

ಮನೆಗೆ ಬಂದು ಗೇಟಿನ ಹತ್ತಿರ ಇಳಿಸಿದೆ. ಎತ್ತಿಕೋ ಅಂದಳು. ಎತ್ತಿಕೊಂಡೆ. ಒತ್ತಾಯ ಮಾಡಲಿಲ್ಲ. ಒಳಗೆ ಪಡಸಾಲೆಯಲ್ಲಿ ಕೆಳಗೆ ಬಿಟ್ಟೆ. ಕುಂಟುತ್ತ ಅಜ್ಜಿಯ ಹತ್ತಿರ ಹೋದಳು, ಅಷ್ಟು ಸಾಮಾನ್ಯ ಸಂಗತಿ ಎನ್ನುವ ಹಾಗೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಮೊರ ಕೈಯಿಂದ ಜಾರಿತು. ಅಕ್ಕಿಯೆಲ್ಲ ನೆಲಕ್ಕೆ. ಮಾವ ಪೇಪರ್ ಮಡಚಿಟ್ಟು ಎದ್ದು ನಿಂತರು.

ಇವರಿಗೆ ಅಂಗಡಿಗೆ ಫೋನ್ ಮಾಡಿದೆ. ಹೇಳಲಾಗಲಿಲ್ಲ. ಅಳುವುದು ಕೇಳಿ ಏನೋ ಆಯಿತೆಂದು ಹೆದರಿ ಅಂಗಡಿ ಬಿಟ್ಟು ಹೊರಟಿದ್ದಾರಂತೆ. ಪಾಪ.

ನನಗೂ ಭಯ ಹೋಗಿಲ್ಲ. ಸೋಮವಾರ ಮತ್ತೆ ಕೊಳ. ಮತ್ತೆ ಒದ್ದೆ ಕಲ್ಲು. ನಾಳೆ ಕಾಲು ಊರುತ್ತಾಳೋ ಇಲ್ಲವೋ, ಯಾರಿಗೆ ಗೊತ್ತು. ಇನ್ನೊಂದು ಸಲ ಹೊಟ್ಟೆ ಕಟ್ಟಿದರೆ… ಬೇಡ. ಇವತ್ತು ಅದೆಲ್ಲ ಬರೆಯುವುದು ಬೇಡ. ಇವತ್ತು ಬರೆಯಬೇಕಾದ್ದು ಒಂದೇ. ಅವಳು ನನ್ನ ಮುಖ ನೋಡಿ, ಹೆದರದೆ,

ಬಚ್ಚಲಿಂದ ಕೂಗುತ್ತಿದ್ದಾಳೆ. ಅಜ್ಜಿಯನ್ನಲ್ಲ, ನನ್ನನ್ನೇ. ಆಯ್ತಂತೆ. ತೊಳೆಯಬೇಕಂತೆ. ಬಂದೆ, ಬಂದೆ ಕಂ